ಕೊಲ್ಹಾಪುರಕ್ಕೆ ಎಣ್ಣೆ ಬಣ್ಣ ನೋಡಲು

ಕೊಲ್ಹಾಪುರ ಅಂದ ಕೂಡಲೇ ನಮ್ಮ ಕಡೆಯವರಿಗೆ ಮಹಾಲಕ್ಷ್ಮಿ ನೆನಪಾಗುತ್ತಾಳೆ. ಆಮೇಲೆ ಚಪ್ಪಲಿ, ಬೆಲ್ಲ, ತಾಂಬಡಾ ರಸ್ಸಾ ಅನ್ನುವ ಮಾಂಸದ ಕೆಂಪು ಸಾರು. ಬೆಳಗಾವಿ, ಬಾಗಲಕೋಟೆ ಕಡೆಯಿಂದ ವರ್ಷಕ್ಕೊಮ್ಮೆಯಾದರೂ ಅಮ್ಮನ ಗುಡಿಗೆ ಹೋಗಿ ಬರುವ ಮನೆಗಳು ಎಷ್ಟೋ ಇವೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿರುವ ಟೌನ್‌ಹಾಲ್ ಮ್ಯೂಸಿಯಂ ಒಳಗೆ ಕಾಲಿಟ್ಟವರು ಮಾತ್ರ ಕಡಿಮೆ. ಒಂದು ಕಾಲದಲ್ಲಿ ಈ ಊರಿನ ಗಲ್ಲಿಗಲ್ಲಿಯಲ್ಲೂ ಒಬ್ಬ ಚಿತ್ರಕಾರ ಇದ್ದ ಅನ್ನುವ ಮಾತಿದೆ. ಸ್ವಲ್ಪ ಜಾಸ್ತಿ ಹೇಳಿದ್ದು ಇರಬಹುದು. ಪೂರ್ತಿ ಸುಳ್ಳಂತೂ ಅಲ್ಲ.

ಈ ಸಲ ನಾನು ಹೋಗಿದ್ದು ಅವರ ಎಣ್ಣೆ ಬಣ್ಣದ ಚಿತ್ರಗಳಿಗಾಗಿ. ಜೊತೆಗೆ ಗಡಹಿಂಗ್ಲಜದ ನನ್ನ ಸೋದರಮಾವ. ಮಾಮಾ ಬೋರ್ಡ್ ಬರೆಯುವ ಪೇಂಟರ್. ಅಂಗಡಿ ಬೋರ್ಡು, ಗೋಡೆ ಜಾಹೀರಾತು, ಟ್ರಕ್ಕಿನ ಹಿಂದಿನ ಬರಹ, ಊರ ನಾಟಕದ ಪರದೆ, ಚುನಾವಣೆ ಬಂದರೆ ಎಲ್ಲ ಪಕ್ಷದ ಚಿಹ್ನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಈಗ ಯಾರಾದರೂ ಕರೆದರೆ ಮಾತ್ರ ಬ್ರಷ್ ಹಿಡಿಯುತ್ತಾರೆ. ಚಿತ್ರಕಲೆಯ ಪುಸ್ತಕ ಓದಿಕೊಂಡ ಗೆಳೆಯರ ಜೊತೆ ಗ್ಯಾಲರಿಗಳಿಗೆ ಹೋಗಿದ್ದೇನೆ. ಅವರು ಚಿತ್ರದ ಅರ್ಥ ಹೇಳುತ್ತಾರೆ. ಮಾಮಾ ಆದರೆ ಚಿತ್ರ ಹೇಗೆ ಆಯಿತು ಅಂತ ಹೇಳುತ್ತಾರೆ. ನನಗೆ ಅದೇ ಬೇಕಿತ್ತು.

ಮೊದಲ ದಿನ: ಸಂಕೇಶ್ವರ, ನಿಪ್ಪಾಣಿ, ಟೌನ್‌ಹಾಲ್

ಸೋಮವಾರ ಮ್ಯೂಸಿಯಂಗೆ ರಜೆ. ಮಂಗಳವಾರ, ಶುಕ್ರವಾರ ಗುಡಿಯ ಸುತ್ತಮುತ್ತ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಅದೂ ಶ್ರಾವಣದಲ್ಲಿ. ಹಾಗಾಗಿ ಬುಧವಾರ ಬೆಳಿಗ್ಗೆ ಹೊರಟೆವು.

ಗಡಹಿಂಗ್ಲಜ ಮಹಾರಾಷ್ಟ್ರದಲ್ಲಿದೆ, ಅದರ ಜಿಲ್ಲಾ ಕೇಂದ್ರ ಕೊಲ್ಹಾಪುರ. ನಾವು ಹೋದ ದಾರಿ ಮಾತ್ರ ಕರ್ನಾಟಕದ ಸಂಕೇಶ್ವರ, ನಿಪ್ಪಾಣಿ ಮುಟ್ಟಿಕೊಂಡು ಮತ್ತೆ ಕಾಗಲದಲ್ಲಿ ಮಹಾರಾಷ್ಟ್ರ ಸೇರುತ್ತದೆ. ಹಿರಣ್ಯಕೇಶಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಬೋರ್ಡುಗಳು ಮರಾಠಿಯಿಂದ ಕನ್ನಡಕ್ಕೆ, ಕನ್ನಡದಿಂದ ಮರಾಠಿಗೆ ಬದಲಾಗುತ್ತಿದ್ದವು. ಮಾಮಾನಿಗೆ ಭಾಷೆ ಮುಖ್ಯ ಅಲ್ಲ. "ಈ ಅಕ್ಷರ ಕೈಯಾಗ ಬರದದ್ದು. ಇದು ಕಂಪ್ಯೂಟರ್. ಇದೂ ಕಂಪ್ಯೂಟರ್. ಹಾಂ, ಇದ ನೋಡು, ಇದು ಕೈ." ನಿಪ್ಪಾಣಿ ಬರುವ ತನಕ ಇದೇ ಲೆಕ್ಕ.

ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಮಳೆ ಬೇರೆ. ಕಾಗಲದ ಹತ್ತಿರ ಗಾಡಿ ನಿಲ್ಲಿಸಿ ಅತ್ತೆ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಮೊಸರು, ಅಗಸಿ ಹಿಂಡಿ.

"ಏನ್ ತಿನ್ನಾಕತ್ತಿ ಗೊತ್ತೈತೇನು?" ಎಂದರು ಮಾಮಾ.

"ಅಗಸಿ ಚಟ್ನಿ."

"ಅಲ್ಲೋ. ಇವತ್ತ್ ನೋಡಾಕ ಹೊಂಟೀವಲ್ಲ, ಅದ ಇದು."

ನಿಜವೇ. ಎಣ್ಣೆ ಬಣ್ಣದಲ್ಲಿರುವ ಎಣ್ಣೆ ಸಾಮಾನ್ಯವಾಗಿ ಅಗಸೆ ಎಣ್ಣೆ. ಬಣ್ಣದ ಪುಡಿಯನ್ನು ಅದರಲ್ಲಿ ಅರೆದರೆ ಎಣ್ಣೆ ಬಣ್ಣ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ನಡೆಯುವುದಿಲ್ಲ, ಅವು ಎಷ್ಟು ದಿನ ಬಿಟ್ಟರೂ ಆರುವುದಿಲ್ಲ. ಅಗಸೆ ಎಣ್ಣೆ ಕೂಡ ನೀರಿನ ಹಾಗೆ ಆವಿಯಾಗಿ ಆರುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ತಾನೇ ಗಟ್ಟಿಯಾಗುತ್ತದೆ. ಮೇಲ್ಮೈ ಕೆಲವು ದಿನಗಳಲ್ಲಿ ಕೈಗೆ ಅಂಟದಂತಾದರೂ ಒಳಗೆ ಪೂರ್ತಿ ಆರಲು ತಿಂಗಳುಗಟ್ಟಲೆ ಬೇಕು. ಅದಕ್ಕೇ ಮೊದಲ ಪದರಕ್ಕೆ ಟರ್ಪಂಟೈನ್ ಜಾಸ್ತಿ, ಎಣ್ಣೆ ಕಡಿಮೆ. ಮೇಲೆ ಹೋದ ಹಾಗೆ ಎಣ್ಣೆ ಜಾಸ್ತಿ. ಇದು ತಿರುಗಿದರೆ ಮೇಲಿನ ಪದರ ಮೊದಲು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮಾಮಾ ಇದನ್ನು ಶಾಲೆಯಲ್ಲಿ ಕಲಿತಿಲ್ಲ. ನಿಪ್ಪಾಣಿಯಲ್ಲಿ ಸಿನಿಮಾ ಬ್ಯಾನರ್ ಬರೆಯುವ ಒಬ್ಬರ ಹತ್ತಿರ ಹುಡುಗನಾಗಿ ಸೇರಿದ್ದರಂತೆ. ಬಹಳ ದಿನ ಬ್ರಷ್ ತೊಳೆಯುವುದೇ ಕೆಲಸ.

ಹನ್ನೊಂದರ ಸುಮಾರಿಗೆ ಟೌನ್‌ಹಾಲ್ ಮುಟ್ಟಿದೆವು. 1872ರಿಂದ 1876ರ ಮಧ್ಯೆ ಕಟ್ಟಿದ ಕಲ್ಲಿನ ಕಟ್ಟಡ. ಚೂಪು ಮಾಡು, ಸುತ್ತ ತೋಟ, ಭಾರಿ ಮರಗಳು. ಮಳೆ ನೀರು ಮರದಿಂದ ತೊಟ್ಟಿಕ್ಕುತ್ತಲೇ ಇತ್ತು. ಒಳಗೆ ಬಂದವರು ಹೆಚ್ಚಾಗಿ ಪೊಸೈಡನ್ ಮೂರ್ತಿಯ ಹತ್ತಿರ ನಿಲ್ಲುತ್ತಾರೆ. ಕಂಚಿನ ಈ ಸಣ್ಣ ಸಮುದ್ರ ದೇವರು ಪಂಚಗಂಗಾ ದಡದ ಬ್ರಹ್ಮಪುರಿ ಉತ್ಖನನದಲ್ಲಿ ಸಿಕ್ಕಿದ್ದು. ರೋಮ್ ದೇಶದ ವ್ಯಾಪಾರ ಇಲ್ಲಿಯ ತನಕ ಬಂದಿತ್ತು ಅನ್ನುವುದಕ್ಕೆ ಗುರುತು. ನೋಡಲೇಬೇಕಾದ್ದು, ನೋಡಿದೆವು. ಆದರೆ ಮಾಮಾ ಆಗಲೇ ಚಿತ್ರಗಳ ಕಡೆ ತಿರುಗಿದ್ದರು.

ನಾವು ಕನ್ನಡ ಮಾತಾಡುವುದು ಕೇಳಿ ಅಲ್ಲಿದ್ದ ಕಾವಲುಗಾರ ಹತ್ತಿರ ಬಂದ. ಹುಕ್ಕೇರಿ ಕಡೆಯವನಂತೆ. "ಯಾರೂ ಇಷ್ಟೊತ್ತು ನಿಲ್ಲಂಗಿಲ್ರಿ ಇಲ್ಲಿ. ಹುಲಿ, ತೋಪು ಎಲ್ಲಿ ಅಂತ ಕೇಳ್ತಾರ, ಹೊಸ ಅರಮನಿಗೆ ಹೋಗ್ತಾರ" ಎಂದ. ಮಾಮಾ ಅವನಿಗೂ ನನಗೂ ಸೇರಿಸಿ ಪಾಠ ಶುರು ಮಾಡಿದರು. ಮೊದಲು ದೂರ ನಿಂತು ನೋಡಬೇಕು. ಆಮೇಲೆ ಹತ್ತಿರ. ಆಮೇಲೆ ಗೋಡೆಗೆ ಕೆನ್ನೆ ತಾಗುವ ಹಾಗೆ ಬದಿಯಲ್ಲಿ ನಿಂತು ನೋಡಬೇಕು.

ಈ ಮೂರನೆಯದು ನನಗೆ ಹೊಸದು. ಬದಿಯಿಂದ ನೋಡಿದರೆ ಚಿತ್ರ ಕಾಣುವುದಿಲ್ಲ, ಬಣ್ಣದ ದಪ್ಪ ಕಾಣುತ್ತದೆ. ಒಬ್ಬ ಸರದಾರನ ಭಾವಚಿತ್ರ ಇತ್ತು. ಎದುರಿಗೆ ನಿಂತಾಗ ಪೇಟ ಬಿಳಿ. ಹತ್ತಿರ ಹೋದರೆ ಅದರಲ್ಲಿ ಬಿಳಿ ಇರುವುದು ಒಂದೆರಡು ಕಡೆ ಮಾತ್ರ. ಉಳಿದದ್ದು ಬೂದಿ, ತಿಳಿ ಹಸಿರು, ಕಿವಿಯ ಮೇಲೆ ಸ್ವಲ್ಪ ನಸುಗೆಂಪು. ಬದಿಯಿಂದ ನೋಡಿದಾಗ ಆ ಒಂದೆರಡು ಬಿಳಿ ಗೀಟು ಮಾತ್ರ ಎದ್ದು ನಿಂತಿದ್ದವು. ಬಾಕಿ ಮುಖವೆಲ್ಲ ತೆಳು, ಬಟ್ಟೆಯ ನೇಯ್ಗೆ ಕಾಣುವಷ್ಟು. "ಬೆಳಕು ಎಲ್ಲಿ ಬೀಳತೈತಿ ಅಲ್ಲಿ ಅಷ್ಟ ಸಫೇದಾ ದಪ್ಪ ಇಟ್ಟಾರ. ನೆರಳಿಗೆ ಖರ್ಚ ಮಾಡಿಲ್ಲ" ಎಂದರು ಮಾಮಾ. ಸಫೇದಾ ಅಂದರೆ ಬಿಳಿ ಬಣ್ಣ. ನೆರಳು ತೆಳುವಾಗಿದ್ದರೆ ಆಳ ಕಾಣುತ್ತದೆ, ದಪ್ಪ ಹಚ್ಚಿದರೆ ಸುಣ್ಣ ಬಳಿದ ಹಾಗೆ ಸತ್ತುಹೋಗುತ್ತದೆ ಅಂತ ವಿವರಣೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಇಡೀ ಓಣಿಯಲ್ಲೇ ಇರಲಿಲ್ಲ. ಕಾವಲುಗಾರ "ಬರತೈತ್ರಿ, ಕುಂಡ್ರ್ರಿ" ಎಂದ. ಮಾಮಾ ಕೂರಲಿಲ್ಲ. ಟ್ಯೂಬ್‌ಲೈಟಿನ ಹೊಳಪು ಹೋದ ಮೇಲೆ ಕಿಟಕಿಯ ಬೆಳಕಷ್ಟೇ ಉಳಿಯಿತು. ವಾರ್ನಿಷ್ ಮೇಲಿನ ಮಿಂಚು ಮಾಯವಾಗಿ ಕಂದು ಬಣ್ಣದ ಹಿಂದೆ ಅಡಗಿದ್ದ ಕೈ, ಕುರ್ಚಿಯ ಕಾಲು, ಪರದೆಯ ಮಡಿಕೆ ಒಂದೊಂದಾಗಿ ಕಂಡವು. ಈ ಚಿತ್ರಗಳನ್ನು ಬರೆದ ಕಾಲದಲ್ಲಿ ಟ್ಯೂಬ್‌ಲೈಟ್ ಎಲ್ಲಿತ್ತು? ಬರೆದಿದ್ದೇ ಇಂಥ ಬೆಳಕಿನಲ್ಲಿ. ನೀವು ಹೋಗುವುದಾದರೆ ಮಧ್ಯಾಹ್ನದ ಒಳಗೆ ಹೋಗಿ, ಹಗಲಿನ ಬೆಳಕು ಚೆನ್ನಾಗಿರುವಾಗ.

ಸಂಜೆ ಖಾಸಬಾಗ ಕುಸ್ತಿ ಮೈದಾನದ ಕಡೆ ನಡೆದೆವು. ಭೇಳ ಕಟ್ಟಿಸಿಕೊಂಡೆವು. ಇಲ್ಲಿನ ಭೇಳದಲ್ಲಿ ಖಾರ ಮೊದಲು ಗೊತ್ತಾಗುವುದಿಲ್ಲ, ನಾಲ್ಕನೇ ತುತ್ತಿಗೆ ಕಣ್ಣಲ್ಲಿ ನೀರು. ಮೈದಾನದ ಪಕ್ಕದಲ್ಲೇ ಕೇಶವರಾವ್ ಭೋಸಲೆ ನಾಟ್ಯಗೃಹ. ಇಲ್ಲಿನ ರಾಜರಾಗಿದ್ದ ಶಾಹೂ ಮಹಾರಾಜರು 1915ರ ಹೊತ್ತಿಗೆ ಕಟ್ಟಿಸಿದ ರಂಗಮಂದಿರ. 2024ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ಮಾಮಾ ಹೊರಗೆ ನಿಂತು ಬಹಳ ಹೊತ್ತು ನೋಡಿದರು. ಅವರಿಗೆ ಈ ಜಾಗದ ಮೇಲೆ ಪ್ರೀತಿ ಇರುವುದು ನಾಟಕಕ್ಕಲ್ಲ, ಪರದೆಗೆ.

ಬಾಬೂರಾವ್ ಪೇಂಟರ್ ಹೆಸರು ನೀವು ಸಿನಿಮಾ ಇತಿಹಾಸದಲ್ಲಿ ಓದಿರಬಹುದು. 1890ರಲ್ಲಿ ಇದೇ ಊರಲ್ಲಿ ಹುಟ್ಟಿದವರು, ಮೂಲ ಅಡ್ಡಹೆಸರು ಮೇಸ್ತ್ರಿ. ಕುಶಲಕರ್ಮಿಗಳ ಮನೆ. ಶಾಲೆ ಹೆಚ್ಚು ಓದಿದವರಲ್ಲ. ಅಣ್ಣನ ಸಮಾನನಾದ ಆನಂದರಾವ್ ಜೊತೆ ಸೇರಿ ಸಂಗೀತ ನಾಟಕ ಕಂಪನಿಗಳಿಗೆ ಪರದೆ ಬರೆದರು. ಅರಮನೆ, ರಸ್ತೆ, ಕಾಡು. ಕಣ್ಣಿಗೆ ಆಳ ಕಾಣಿಸುವ ಆ ಪರದೆಗಳಿಂದಲೇ ಇಬ್ಬರಿಗೂ ಹೆಸರು ಬಂತು. 1916ರಲ್ಲಿ ಆನಂದರಾವ್ ತೀರಿಕೊಂಡರು. ಇಬ್ಬರೂ ಕಂಡಿದ್ದ ಕನಸನ್ನು ಬಾಬೂರಾವ್ ಮುಂದುವರಿಸಿ, ಊರಲ್ಲೇ ಸಿನಿಮಾ ಕ್ಯಾಮೆರಾ ತಯಾರಿಸಿ, ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದರು. ಮುಂದೆ ದೊಡ್ಡ ನಿರ್ದೇಶಕರಾದ ವಿ. ಶಾಂತಾರಾಂ ಅಲ್ಲೇ ಕೆಲಸ ಕಲಿತರು. ಸಿನಿಮಾ, ಶಿಲ್ಪ, ಎಣ್ಣೆ ಬಣ್ಣ, ಎಲ್ಲವೂ ಅದೇ ಕೈಯಲ್ಲಿ. ತೀರಿಕೊಂಡಿದ್ದು 1954ರಲ್ಲಿ.

"ಪರದೆಗೆ ಎಣ್ಣಿ ಬಣ್ಣ ಹಚ್ಚಂಗಿಲ್ಲ" ಅಂದರು ಮಾಮಾ. "ಸುತ್ತಿ ಇಟ್ರ ಅಂಟಕೊಂತೈತಿ, ಬಿಚ್ಚಿದ್ರ ಒಡೀತೈತಿ. ಅಂಟು ಕಾಸಿ ಪುಡಿ ಬಣ್ಣ ಕಲಸಬೇಕು. ಹಸಿ ಇದ್ದಾಗ ಒಂದು ಬಣ್ಣ, ಆರಿದ ಮ್ಯಾಲೆ ಇನ್ನೊಂದು. ಆರಿದ ಬಣ್ಣ ತಲಿಯಾಗ ಇಟ್ಕೊಂಡು ಹಸಿ ಬಣ್ಣ ಹಚ್ಚಬೇಕು. ಅದನ್ನ ಕಲ್ತವಗ ಎಣ್ಣಿ ಬಣ್ಣ ಅಂದ್ರ ಆಟ." ಇದನ್ನು ಯಾವ ಕಲಾವಿಮರ್ಶಕರೂ ನನಗೆ ಹೇಳಿರಲಿಲ್ಲ. ಪರದೆ ಬರೆದವರನ್ನು ಕೆಳಗಿಟ್ಟು, ಚೌಕಟ್ಟಿನ ಚಿತ್ರ ಬರೆದವರನ್ನು ಮೇಲಿಟ್ಟು ಮಾತಾಡುವ ರೂಢಿ ನಮ್ಮಲ್ಲಿದೆ. ಕೊಲ್ಹಾಪುರದಲ್ಲಿ ಅದು ನಡೆಯುವುದಿಲ್ಲ, ಇಬ್ಬರೂ ಒಬ್ಬರೇ.

ಶ್ರಾವಣದಲ್ಲಿ ಮಾಮಾ ಮಾಂಸ ಮುಟ್ಟುವುದಿಲ್ಲ. ಕೊಲ್ಹಾಪುರಕ್ಕೆ ಬಂದು ರಸ್ಸಾ ಇಲ್ಲದೆ ಮಲಗುವುದು ಅಂದರೆ ಶಿಕ್ಷೆಯೇ. ಅವರ ಎದುರು ಕೂತು ನಾನೊಬ್ಬನೇ ತಿನ್ನುವುದೂ ಸರಿಯಲ್ಲ ಅಲ್ವಾ? ರಾತ್ರಿ ಗಂಗಾವೇಶದ ದೂಧ ಕಟ್ಟೆಗೆ ಹೋದೆವು. ಎಮ್ಮೆಗಳನ್ನು ಅಲ್ಲೇ ಕಟ್ಟಿರುತ್ತಾರೆ. ಕೇಳಿದರೆ ನಿಮ್ಮೆದುರೇ ಹಿಂಡಿ ಲೋಟಕ್ಕೆ ಕೊಡುತ್ತಾರೆ. ಬಿಸಿ, ನೊರೆ, ಸ್ವಲ್ಪ ಹುಲ್ಲಿನ ವಾಸನೆ. ಪೈಲವಾನರ ಊರಿನ ರೂಢಿ ಇದು. ಹೊಟ್ಟೆ ಗಟ್ಟಿ ಇದ್ದವರು ಮಾತ್ರ ಪ್ರಯತ್ನಿಸಿ.

ಎರಡನೇ ದಿನ: ರಂಕಾಳ, ಕೋಟಿತೀರ್ಥ, ಒಂದು ಖಾನಾವಳಿ

ಬೆಳಿಗ್ಗೆ ರಂಕಾಳ ಕೆರೆಗೆ ಹೋದಾಗ ಸಣ್ಣ ಜಿಟಿಜಿಟಿ. ಕೆರೆ ತುಂಬಿತ್ತು. ಸಂಧ್ಯಾಮಠದ ಕಲ್ಲಿನ ಮಂಟಪ ಅರ್ಧ ನೀರಲ್ಲಿತ್ತು. ಬೇಸಿಗೆಯಲ್ಲಾದರೆ ಅದರ ತನಕ ನಡೆದು ಹೋಗಬಹುದು. ಮಳೆಗಾಲದಲ್ಲಿ ದಡದಿಂದಲೇ ನೋಡಬೇಕು. ನೋಡಲು ಇದೇ ಚೆಂದ.

ಇದನ್ನು ಮತ್ತೆ ಮತ್ತೆ ಬರೆದವರು ಆಬಾಲಾಲ್ ರಹಿಮಾನ್. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಊರಿಗೆ ವಾಪಸ್ ಬಂದವರು. ಶಾಹೂ ಮಹಾರಾಜರ ಆಸ್ಥಾನ ಚಿತ್ರಕಾರ. ಬೇಕಿದ್ದರೆ ರಾಜರ ಭಾವಚಿತ್ರ ಬರೆದುಕೊಂಡೇ ಇರಬಹುದಿತ್ತು. ಇವರು ರಂಕಾಳ, ಪಂಚಗಂಗಾ, ಕೋಟಿತೀರ್ಥ ಅಂತ ತಿರುಗಿದರು. ಎಣ್ಣೆ ಬಣ್ಣ, ಜಲವರ್ಣ, ಪೇಸ್ಟೆಲ್ ಎಲ್ಲದರಲ್ಲೂ ಕೈ ಇತ್ತು. ಬೆಳಕು ಬದಲಾಗುವುದನ್ನು ಹಿಡಿಯುವುದೇ ಅವರ ಹುಚ್ಚು. ಯುರೋಪಿನಲ್ಲಿ ಅದೇ ಕಾಲದಲ್ಲಿ ಕೆಲವರು ಇದನ್ನೇ ಮಾಡಿ ಲೋಕಕ್ಕೆಲ್ಲ ಗೊತ್ತಾದರು. ಇವರ ಹೆಸರು ಕೊಲ್ಹಾಪುರದಾಚೆ ಎಷ್ಟು ಜನಕ್ಕೆ ಗೊತ್ತು?

ಮಾಮಾ ದಡದ ಕಟ್ಟೆಯ ಮೇಲೆ ಛತ್ರಿ ಹಿಡಿದು ಕೂತು ನೀರು ನೋಡುತ್ತಿದ್ದರು. "ಯಾವ ಬಣ್ಣ?" ಎಂದು ಕೇಳಿದರು. ನೀಲಿ ಅಂದೆ. ಬೈದರು. ಸರಿಯಾಗಿ ನೋಡಿದರೆ ನೀಲಿ ಎಲ್ಲೂ ಇರಲಿಲ್ಲ. ಮಂಟಪದ ಕೆಳಗೆ ಕಪ್ಪು ಹಸಿರು, ನಡುವೆ ಹಳೇ ಪಾತ್ರೆಯ ಬೂದು, ಆಚೆ ದಡದ ಹತ್ತಿರ ಕೆಸರಿನ ಹಳದಿ. ಮಳೆ ಹನಿ ಬಿದ್ದಲ್ಲಿ ಮಾತ್ರ ಬೆಳ್ಳಗೆ ಚುಕ್ಕೆ. ಕಲ್ಲಿಗಿಂತ ಕಲ್ಲಿನ ನೆರಳು ನೀರಲ್ಲಿ ಸ್ವಲ್ಪ ತಿಳಿಯಾಗಿತ್ತು. "ಇದನ್ನ ಹಿಡಿಯಾಕ ಹತ್ತು ನಿಮಿಷ ಸಿಗತಾವ. ಆಮ್ಯಾಲೆ ಮೋಡ ಸರೀತೈತಿ. ಎಣ್ಣಿ ಬಣ್ಣ ಆರೂದಿಲ್ಲ, ಮೋಡ ನಿಲ್ಲೂದಿಲ್ಲ. ಎಂಥಾ ಕೈ ಇರಬೇಕು!"

ಆಬಾಲಾಲ್ ಕೋಟಿತೀರ್ಥ ಕೆರೆಯ ಹತ್ತಿರ ಫಕೀರನ ಹಾಗೆ ಬದುಕಿದ್ದರು. 1922ರಲ್ಲಿ ಶಾಹೂ ಮಹಾರಾಜರು ತೀರಿಕೊಂಡಾಗ ದುಃಖದಲ್ಲಿ ತಮ್ಮ ಎಷ್ಟೋ ಚಿತ್ರಗಳನ್ನು ಅದೇ ಕೆರೆಗೆ ಎಸೆದರು ಅಂತ ಊರಲ್ಲಿ ಕಥೆ ಇದೆ. 1931ರಲ್ಲಿ ಅವರೂ ಹೋದರು. ನಾವು ಕೋಟಿತೀರ್ಥಕ್ಕೂ ಹೋದೆವು. ಊರ ನಡುವಿನ ಕೆರೆ, ಸುತ್ತ ಮನೆ. ಒಬ್ಬ ಹುಡುಗ ಗಾಳ ಹಾಕಿ ಕೂತಿದ್ದ. ಮಾಮಾ ಅವನನ್ನು ಮರಾಠಿಯಲ್ಲಿ ಏನು ಸಿಕ್ಕಿತು ಅಂತ ಕೇಳಿದರು. "ಏನೂ ಇಲ್ಲ, ಬರೀ ಪ್ಲಾಸ್ಟಿಕ್" ಅಂದ.

ಮಧ್ಯಾಹ್ನ ಜೋರು ಮಳೆ. ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಖಾನಾವಳಿಗೆ ನುಗ್ಗಿದೆವು. ರೊಟ್ಟಿ ಬಡಿಯುವ ಸದ್ದಿನಲ್ಲೇ ಗೊತ್ತಾಯಿತು, ನಮ್ಮವರೇ. ಅಥಣಿ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣುಮಗಳು. ಝುಣಕ, ಮಡಕೆ ಕಾಳಿನ ಉಸಳಿ, ಮೆಣಸಿನಕಾಯಿ ಖರ್ಡಾ, ಮಜ್ಜಿಗೆ. ರೊಟ್ಟಿ ಬೇಕಾದಷ್ಟು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಕಟ್ಟು ಹಾಕಿಸಿದ ದೀಪದ ಹುಡುಗಿಯ ಚಿತ್ರ. ನಿಮಗೂ ಗೊತ್ತಿರುವ ಚಿತ್ರವೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಜನ ಸಾಲು ನಿಂತು ನೋಡುತ್ತಾರಲ್ಲ, ಅದು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ, ಬೆರಳ ಸಂದಿಯಿಂದ ಕೆಂಪು ಬೆಳಕು.

"ರವಿವರ್ಮನ ಚಿತ್ರ ಛಂದ ಇಟ್ಟೀರಿ" ಎಂದು ಪಕ್ಕದ ಮೇಜಿನವರು ಹೇಳಿದರು. ಅವರು ಗೋಕಾಕದಿಂದ ದೇವಿ ದರ್ಶನಕ್ಕೆ ಬಂದವರು.

ಮಾಮಾ ತುತ್ತು ಕೈಯಲ್ಲೇ ಹಿಡಿದು ತಿರುಗಿದರು. "ಅದು ರವಿವರ್ಮಂದ ಅಲ್ರಿ. ಹಳದಣಕರ್ ಅವರ ಚಿತ್ರ. ಎಣ್ಣಿ ಬಣ್ಣಾನೂ ಅಲ್ಲ, ನೀರಿನ ಬಣ್ಣ."

ಯಾರೂ ನಂಬಲಿಲ್ಲ. ನಾನೇ ಮೊದಲ ಸಲ ಕೇಳಿದಾಗ ನಂಬಿರಲಿಲ್ಲ. ಸಾವಂತವಾಡಿಯ ಎಸ್.ಎಲ್. ಹಳದಣಕರ್, ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಮುಂಬೈಯಲ್ಲಿ ತಮ್ಮದೇ ಕಲಾಶಾಲೆ ನಡೆಸಿದವರು. ಎಣ್ಣೆ ಬಣ್ಣದಲ್ಲೂ ಪಳಗಿದ ಕೈ. ಆದರೆ 1945ರ ಸುಮಾರಿಗೆ ಈ ಚಿತ್ರವನ್ನು ಜಲವರ್ಣದಲ್ಲೇ ಮಾಡಿದರು. ಜಲವರ್ಣದಲ್ಲಿ ತಪ್ಪು ಬಿದ್ದರೆ ಮೇಲೆ ಬಿಳಿ ಹಚ್ಚಿ ಮುಚ್ಚುವ ಹಾಗಿಲ್ಲ. ಬೆಳಕು ಬೇಕಾದ ಕಡೆ ಕಾಗದವನ್ನು ಖಾಲಿ ಬಿಟ್ಟುಕೊಂಡೇ ಬರಬೇಕು. ಆ ಬೆರಳುಗಳ ಸಂದಿಯ ಬೆಳಕು ಹಾಗೆ ಬಂದಿದ್ದು. ಚಿತ್ರಕ್ಕೆ ದೀಪ ಹಿಡಿದು ನಿಂತವರು ಅವರದೇ ಮಗಳು ಗೀತಾ. ಮದುವೆಯಾಗಿ ಕೊಲ್ಹಾಪುರ ಸೇರಿ, 2018ರಲ್ಲಿ ತಮ್ಮ 102ನೇ ವಯಸ್ಸಿನಲ್ಲಿ ಇದೇ ಊರಲ್ಲಿ ತೀರಿಕೊಂಡರು.

ರೊಟ್ಟಿ ಬಡಿಯುತ್ತಿದ್ದ ಅಕ್ಕ ಕೈ ನಿಲ್ಲಿಸಿದರು. "ಇದ ಊರಾಗ ಇದ್ರಂತೇನ್ರಿ? ನಾ ಬಂದು ಇಷ್ಟ ವರ್ಷ ಆತು. ಎಲ್ಲೆರ ಬಾಜಾರದಾಗ ನೋಡಿರಬೇಕು ನಾ ಅವರನ್ನ." ಆಮೇಲೆ ಎದ್ದು ಬಂದು, ಚಿತ್ರದ ಗಾಜಿನ ಮೇಲಿನ ಹಿಟ್ಟು ಸೆರಗಿನಿಂದ ಒರೆಸಿದರು. ಗೋಕಾಕದವರು ಮಾತ್ರ ಹೋಗುವ ತನಕ ರವಿವರ್ಮನೇ ಅಂತ ವಾದ ಮಾಡುತ್ತಲೇ ಇದ್ದರು.

ಮಳೆ ಬಿಟ್ಟ ಮೇಲೆ ಬಿಂದು ಚೌಕದ ಮೂಲಕ ಹೋದೆವು. ಅಲ್ಲಿ ಮಹಾತ್ಮ ಫುಲೆ, ಅಂಬೇಡ್ಕರ್ ಮೂರ್ತಿಗಳಿವೆ. ಅಂಬೇಡ್ಕರ್ ಅವರ ಮೂರ್ತಿ ನಿಲ್ಲಿಸಿದ್ದು 1950ರಲ್ಲಿ, ಅವರು ಬದುಕಿದ್ದಾಗಲೇ. ಮುಂದೆ ನಿಂತು ಮಾಡಿಸಿದವರು ಮಾಧವರಾವ್ ಬಾಗಲ್. ಅವರೂ ಚಿತ್ರಕಾರರೇ. ಬರವಣಿಗೆ, ಚಳವಳಿ, ಬ್ರಷ್ ಮೂರನ್ನೂ ನಡೆಸಿದ ಮನುಷ್ಯ.

ಹೊಸ ಅರಮನೆಯನ್ನು ಬೇಗ ಮುಗಿಸಿದೆವು. ಕಟ್ಟಡ ಚೆನ್ನಾಗಿದೆ, ಕಪ್ಪು ಕಲ್ಲು, ಗಡಿಯಾರದ ಗೋಪುರ. ಒಳಗೆ ಆಯುಧ, ಸತ್ತ ಪ್ರಾಣಿ, ಭಾರಿ ಜನ. ನನಗೆ ಇಷ್ಟವಾಗಿದ್ದು ರಾಜಾರಾಂಪುರಿಯ ಚಂದ್ರಕಾಂತ ಮಾಂಡರೆ ಸಂಗ್ರಹಾಲಯ. ಮಾಂಡರೆ ಮರಾಠಿ ಸಿನಿಮಾದ ಹೆಸರಾಂತ ನಟ. ಬಾಬೂರಾವ್ ಪೇಂಟರ್ ಗರಡಿಯಲ್ಲಿ ಬೆಳೆದವರು. ಕೊನೆಗೆ ತಮ್ಮ ಮನೆಯನ್ನೇ ಚಿತ್ರಗಳ ಸಮೇತ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಎಣ್ಣೆ ಬಣ್ಣದ ನಿಸರ್ಗ ದೃಶ್ಯಗಳ ಜೊತೆಗೆ, ಬಣ್ಣದ ಪುಡಿಯನ್ನು ಬೆರಳಿನಿಂದ ಉಜ್ಜಿ ಮಾಡುವ ಪೌಡರ್ ಶೇಡಿಂಗ್ ಚಿತ್ರಗಳೂ ಇವೆ. ಮನೆಯಾದ್ದರಿಂದ ಮನೆಯ ಹಾಗೇ ಇದೆ, ಗದ್ದಲ ಇಲ್ಲ. ನಾವಿದ್ದಷ್ಟು ಹೊತ್ತು ನಮ್ಮಿಬ್ಬರನ್ನು ಬಿಟ್ಟು ಯಾರೂ ಬರಲಿಲ್ಲ.

ಮೂರನೇ ದಿನ: ಔಂಧದ ಗುಡ್ಡ

ರವಿವರ್ಮನ ಮೂಲ ಎಣ್ಣೆ ಚಿತ್ರ ನೋಡಬೇಕು ಅನ್ನುವುದು ಮಾಮಾನ ಹಳೇ ಆಸೆ. ಅದಕ್ಕೆ ಗಡಿ ಜಿಲ್ಲೆ ಬಿಟ್ಟು ಸ್ವಲ್ಪ ಮುಂದೆ ಹೋಗಬೇಕು. ಸಾತಾರಾ ಜಿಲ್ಲೆಯ ಔಂಧ. ಕರಾಡದ ತನಕ ಹೆದ್ದಾರಿ, ಆಮೇಲೆ ಬಲಕ್ಕೆ ಸಣ್ಣ ರಸ್ತೆ. ಬೆಳಿಗ್ಗೆ ಮಿಸಳ ತಿಂದು ಹೊರಟೆವು. ಖಾರದ ಕಟ್ ಬೇರೆ ಕೊಡಿ ಅಂತ ಹೇಳಿ, ಇಲ್ಲವಾದರೆ ಆ ಖಾರದ ಎಣ್ಣೆ ಮೇಲೇ ಸುರಿದು ತರುತ್ತಾರೆ.

ದಾರಿಯಲ್ಲಿ ಮಾತೆಲ್ಲ ರವಿವರ್ಮನದೇ. ಎಣ್ಣೆ ಬಣ್ಣ ಅವನಿಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ತಿರುವಾಂಕೂರು ಅರಮನೆಗೆ ಥಿಯೋಡೋರ್ ಜೆನ್ಸನ್ ಎಂಬ ವಿದೇಶಿ ಚಿತ್ರಕಾರ ಬಂದಿದ್ದ. ಕಲಿಸಲು ಒಪ್ಪಲಿಲ್ಲ, ಬರೆಯುವಾಗ ನೋಡಲು ಮಾತ್ರ ಬಿಟ್ಟ. ನೋಡಿ ನೋಡಿಯೇ ರವಿವರ್ಮ ಕಲಿತ. 1870ರಲ್ಲಿ ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ 41 ದಿನ ಭಜನೆ ಕೂತ. ವಾಪಸ್ ಹೋಗುವಾಗ ಕಲ್ಲಿಕೋಟೆಯಲ್ಲಿ ಹಣಕ್ಕೆ ಚಿತ್ರ ಬರೆಯುವ ಮೊದಲ ಕೆಲಸ ಸಿಕ್ಕಿತು. ಮಾಮಾನಿಗೆ ಕೊಲ್ಲೂರಿನ ಕಥೆಗಿಂತ ಜೆನ್ಸನ್ ಕಥೆ ಇಷ್ಟ. "ನಮ್ಮ ಉಸ್ತಾದನೂ ಹಂಗ" ಎಂದು ಮೂರು ಸಲ ಹೇಳಿದರು.

ಕರಾಡ ದಾಟಿ ಸಣ್ಣ ರಸ್ತೆಗೆ ಇಳಿದ ಮೇಲೆ ಟೈರ್ ಕುಸಿಯಿತು. ಸುತ್ತ ಕಬ್ಬು, ಶುಂಠಿ ಹೊಲ, ಸಣ್ಣ ಮಳೆ. ಸ್ಟೆಪ್ನಿ ಹಾಕಿಕೊಂಡು ಮುಂದಿನ ಹಳ್ಳಿಯ ಪಂಕ್ಚರ್ ಅಂಗಡಿಗೆ ಹೋದೆವು. ತಗಡಿನ ಮೇಲೆ ಕೈಯಲ್ಲಿ ಬರೆದ ಮರಾಠಿ ಬೋರ್ಡು. ಮಾಮಾ ಟೈರ್ ಕಡೆ ನೋಡಲೇ ಇಲ್ಲ. "ಇದನ್ನ ಬರೆದಿದ್ದು ಯಾರು?" ಅಂದರು. ಅಂಗಡಿಯ ಹುಡುಗ ನಾನೇ ಅಂದ. ಪಂಕ್ಚರ್ ಅಂತ ಬರೆಯುವಾಗ ಮೊದಲ ಅಕ್ಷರ ಭಾರಿ ದೊಡ್ಡದಾಗಿ, ಕೊನೆಯ ಅಕ್ಷರ ತಗಡಿನ ಅಂಚಿಗೆ ಒತ್ತಿಕೊಂಡು ನಿಂತಿತ್ತು. ಮಾಮಾ ಸೀಮೆಸುಣ್ಣ ತರಿಸಿ, ಗೋಡೆಯ ಮೇಲೆ ಉದ್ದ ಗೆರೆ ಎಳೆದು, ಅಕ್ಷರ ಎಣಿಸಿ, ನಡುವಿನಿಂದ ಎರಡೂ ಕಡೆಗೆ ಜಾಗ ಹಂಚುವುದನ್ನು ತೋರಿಸಿದರು. ಅದೇ ಚೌಕ ಹಾಕುವ ಲೆಕ್ಕದಿಂದ ಸಣ್ಣ ಫೋಟೋವನ್ನು ದೊಡ್ಡ ಗೋಡೆಗೆ ಏರಿಸುವುದು ಹೇಗೆ ಅಂತಲೂ ಹೇಳಿದರು. ಹುಡುಗ ಪಂಕ್ಚರ್ ಹಾಕಿ ಮುಗಿಸಿ ದುಡ್ಡು ಬೇಡ ಅಂದ. ಮಾಮಾ ಕೊಟ್ಟೇ ಬಂದರು.

ಔಂಧ ಸಣ್ಣ ಊರು. ಗುಡ್ಡದ ತುದಿಯಲ್ಲಿ ಯಮಾಯಿ ದೇವಿ, ನಡುದಾರಿಯಲ್ಲಿ ಶ್ರೀ ಭವಾನಿ ಮ್ಯೂಸಿಯಂ. ಕಟ್ಟಿಸಿದವರು ಇಲ್ಲಿನ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ, 1938ರಲ್ಲಿ. ವಿಚಿತ್ರ ರಾಜ. ಸೂರ್ಯ ನಮಸ್ಕಾರವನ್ನು ಊರೂರಿಗೆ ಹಬ್ಬಿಸಿದ, ಗಾಂಧೀಜಿ ಸಲಹೆಯಂತೆ 1939ರಲ್ಲಿ ಅಧಿಕಾರವನ್ನು ಪ್ರಜೆಗಳಿಗೇ ಒಪ್ಪಿಸಿದ. ಸ್ವತಃ ಚಿತ್ರ ಬರೆಯುತ್ತಿದ್ದ. ಯುರೋಪಿನ ದೊಡ್ಡ ಚಿತ್ರಗಳ ನಕಲು ಮಾಡಿಸಿ ತಂದ, ನಮ್ಮವರ ಮೂಲ ಚಿತ್ರಗಳನ್ನೂ ಕೂಡಿಸಿದ. ಕೊಲ್ಹಾಪುರದಲ್ಲೇ ಹುಟ್ಟಿದ ಎಂ.ವಿ. ಧುರಂಧರ್ ಚಿತ್ರಗಳು ಇಲ್ಲಿವೆ. ಬಾಬೂರಾವ್ ಪೇಂಟರ್ ಅವರದೂ ಇವೆ. ಹೆನ್ರಿ ಮೂರ್ ಎಂಬ ಇಂಗ್ಲೆಂಡಿನ ಶಿಲ್ಪಿಯ ತಾಯಿ-ಮಗು ಕಲ್ಲಿನ ಶಿಲ್ಪ ಈ ಹಳ್ಳಿಗೆ ಬಂದು ಕೂತಿದೆ ಅಂದರೆ ಯಾರು ನಂಬಬೇಕು!

ರವಿವರ್ಮನ ದಮಯಂತಿ, ಸೈರಂಧ್ರಿ ಎದುರು ಮಾಮಾ ಒಂದು ಮಾತೂ ಆಡಲಿಲ್ಲ. ದೂರ, ಹತ್ತಿರ, ಬದಿ. ಮತ್ತೆ ದೂರ. ನಾವೆಲ್ಲ ರವಿವರ್ಮನನ್ನು ನೋಡಿರುವುದು ದೇವರ ಕೋಣೆಯ ಅಚ್ಚಿನ ಚಿತ್ರದಲ್ಲಿ. 1894ರಲ್ಲಿ ಮುಂಬೈಯಲ್ಲಿ ಅವನೇ ಶುರು ಮಾಡಿದ ಪ್ರೆಸ್‌ನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಹಾಕಿ ಅಚ್ಚು ಹೊಡೆಯುತ್ತಿದ್ದರು. ಲಕ್ಷ್ಮಿ, ಸರಸ್ವತಿ ಮನೆಮನೆಗೆ ಬಂದದ್ದು ಹಾಗೆ. ಅಚ್ಚಿನಲ್ಲಿ ಸೀರೆಯ ಅಂಚು ಅಂದರೆ ಹಳದಿ ಪಟ್ಟಿ ಅಷ್ಟೇ. ಇಲ್ಲಿ ಹತ್ತಿರದಿಂದ ನೋಡಿದರೆ ಜರಿ ಅನ್ನುವುದು ಕಂದು ಬಣ್ಣದ ಮೇಲೆ ಬಿಡಿಬಿಡಿಯಾಗಿ ಇಟ್ಟ ಚುಕ್ಕೆ. ಒಂದಕ್ಕೊಂದು ಸೇರುವುದೇ ಇಲ್ಲ. ಎರಡು ಹೆಜ್ಜೆ ಹಿಂದೆ ಸರಿದರೆ ಜರಿ ಹೊಳೆಯುತ್ತದೆ. ಮತ್ತೆ ಎರಡು ಹೆಜ್ಜೆ ಮುಂದೆ ಬಂದರೆ ಚುಕ್ಕೆ. ನಾನು ಇದನ್ನೇ ಆಟದ ಹಾಗೆ ಮಾಡುತ್ತಿದ್ದೆ. ಅಲ್ಲಿದ್ದ ಶಾಲಾ ಮಕ್ಕಳೂ ನನ್ನನ್ನು ನೋಡಿ ಹಿಂದೆ ಮುಂದೆ ಓಡಾಡಲು ಶುರು ಮಾಡಿದರು. ಮಾಸ್ತರರು ಗದರಿದರು, ನನಗೂ ಸೇರಿಸಿಯೇ ಇರಬೇಕು.

ಒಂದು ಹಳೇ ಚಿತ್ರದ ಮೂಲೆಯಲ್ಲಿ ಬಣ್ಣ ಜಾಲದ ಹಾಗೆ ಒಡೆದಿತ್ತು. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿ ಸಡಿಲಾಗುತ್ತದೆ, ಬೇಸಿಗೆಯಲ್ಲಿ ಬಿಗಿಯುತ್ತದೆ. ಒಣಗಿ ಗಟ್ಟಿಯಾದ ಬಣ್ಣಕ್ಕೆ ಹಾಗೆ ಹಿಗ್ಗಿ ಕುಗ್ಗಲು ಬರುವುದಿಲ್ಲ. ಮನೆಯಲ್ಲಿ ಹಿರಿಯರ ಎಣ್ಣೆ ಚಿತ್ರ ಇದ್ದರೆ ಹೊರಗೋಡೆಗೆ ತೂಗುಹಾಕಬೇಡಿ, ಬಿಸಿಲು ನೇರವಾಗಿ ಬೀಳುವಲ್ಲಿ ಬೇಡ, ಒದ್ದೆ ಬಟ್ಟೆಯಲ್ಲಂತೂ ಒರೆಸಲೇಬೇಡಿ. ಇದೂ ಮಾಮಾನ ಮಾತು. ಊರಲ್ಲಿ ಎಷ್ಟೋ ಗೌಡರ ಭಾವಚಿತ್ರಗಳ ಮೂಗು ಹೀಗೆ ಒರೆಸಿಯೇ ಹೋಗಿವೆಯಂತೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಮಳೆ. ನಿಪ್ಪಾಣಿಯಲ್ಲಿ ಚಹಾಕ್ಕೆ ಮಾತ್ರ ನಿಂತೆವು. ಗಡಹಿಂಗ್ಲಜ ಮುಟ್ಟಿದಾಗ ರಾತ್ರಿ ಹತ್ತು ದಾಟಿತ್ತು. ಅತ್ತೆ ಊಟಕ್ಕೆ ಕಾಯುತ್ತಿದ್ದರು. ಹೆಂಗಿತ್ತು, ಏನೇನು ನೋಡಿದಿರಿ ಅಂತ ಕೇಳಿದರು. ಮಾಮಾ ಕಾಲು ತೊಳೆದುಕೊಂಡು ಬಂದು ತಟ್ಟೆಯ ಮುಂದೆ ಕೂತರು. ದಮಯಂತಿ ಬಗ್ಗೆ ಹೇಳುತ್ತಾರೆ ಅಂದುಕೊಂಡೆ.

"ಕರಾಡ ದಾಟಿದ ಮ್ಯಾಲೆ ಒಬ್ಬ ಹುಡುಗ ಬೋರ್ಡ್ ಬರದಾನ" ಎಂದು ಶುರು ಮಾಡಿದರು. "ಕೈ ಛಲೋ ಐತಿ. ಆದ್ರ ಕಡೀ ಅಕ್ಷರಕ್ಕ ಜಾಗಾನ ಬಿಟ್ಟಿಲ್ಲ ನೋಡ, ಖೋಡಿ."